ಹೊಸ್ತಿಲಿನ ಗಂಟೆ

ತಿರುವಲ್ಲಿಕ್ಕೇಣಿ, ಚೆನ್ನೈ
೨೯ ಜುಲೈ ೨೦೨೪

ವೃಂದಕ್ಕನಿಗೆ, ಸುಜಯೀಂದ್ರ ಮಾಡುವ ನಮಸ್ಕಾರಗಳು.

ನೀನು ವಾಪಸ್ ಹೋಗಿ ಹತ್ತು ದಿನವಾದರೂ ಎರಡು ಸಾಲು ಬರೆಯಲಿಲ್ಲ, ಬೈಯಬೇಡ. ಅಮ್ಮನಿಗೆ ಮೈ ಒರೆಸುವುದು, ಗಂಜಿ, ಮಾತ್ರೆ, ಆಮೇಲೆ ಅಂಗಡಿ. ಕೂತರೆ ಸಾಕು, ಕಣ್ಣು ಮುಚ್ಚಿಹೋಗುತ್ತದೆ. ಸೊಂಟದ ಹೊಲಿಗೆ ಬಿಚ್ಚಿದರು. ಇನ್ನು ನಡೆಯುವುದು ಕಷ್ಟ ಎಂದರು ಡಾಕ್ಟರು.

ಬಾಗಿಲಿನ ಗಂಟೆ ಹೇಗೆ ಮಾಡಿದೆ ಎಂದು ನಿನ್ನ ಮಗಳು ಸಂಹಿತಾ ಕೇಳಿದ್ದಳಲ್ಲ, ಹೇಳು ಅವಳಿಗೆ. ನಮ್ಮ ಬಟ್ಟೆ ಅಂಗಡಿಯಲ್ಲಿ ಕಳ್ಳತನ ತಡೆಯಲು ಬಿಳಿ ಲೇಬಲ್ ಅಂಟಿಸುತ್ತೇವೆ. ಕಿತ್ತದ್ದು ಕಸಕ್ಕೆ. ಅದನ್ನು ಸೀಳಿದರೆ ಒಳಗೆ ಹೊಳೆಯುವ ತೆಳು ಲೋಹದ ಪಟ್ಟಿ. ಅದಕ್ಕೆ ತಾಮ್ರದ ತಂತಿ ಸುತ್ತಿ ಸರ್ಕ್ಯೂಟಿಗೆ ಸೇರಿಸಿದರೆ, ಹತ್ತಿರ ಸಣ್ಣ ಅಯಸ್ಕಾಂತ ಸುಳಿದರೂ ಗಂಟೆ ಹೊಡೆಯುತ್ತದೆ. ಬುಟ್ಟಿ ಕೆದಕುವ ನನ್ನನ್ನು ಕಂಡು ಬಿಲ್ಲಿಂಗಿನ ಬಾಬು, "ಎನ್ನ ಸಾರ್, ಕುಪ್ಪೆಯಿಲೆ ತಂಗಮಾ?" ಎನ್ನುತ್ತಿದ್ದ. ಕಸದಲ್ಲಿ ಚಿನ್ನ ಹುಡುಕುತ್ತಿದ್ದೇನಂತೆ! ಮರೆವಿನಲ್ಲಿ ಅಮ್ಮ ಬೀದಿ ಪಾಲಾಗದಿರಲಿ ಅಂತ ಹುಡುಕುತ್ತಿದ್ದೆ. ಬೀಗ ಹಾಕಿದರೆ ಬಾಗಿಲಿಗೆ ತಲೆ ಚಚ್ಚಿಕೊಳ್ಳುತ್ತಿದ್ದಳು, ನಿನಗೇ ಗೊತ್ತು.

ಪಟ್ಟಿಯನ್ನು ಹೊಸ್ತಿಲ ಅಡಿಗಿಟ್ಟೆ, ಅಯಸ್ಕಾಂತವನ್ನು ಅವಳ ಚಪ್ಪಲಿಗೆ ಅಂಟಿಸಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಬೆಳಿಗ್ಗೆ ರಂಗೋಲಿ ಇಡುವವಳು ಚಪ್ಪಲಿ ಹಾಕುತ್ತಾಳೆಯೇ? ಡಬ್ಬಿ ಹಿಡಿದು ಬರಿಗಾಲಲ್ಲಿ ಹೊರಟವಳನ್ನು ಕೆಳಮನೆಯ ಅಮ್ಮಣ್ಣಿ ಮೆಟ್ಟಿಲಲ್ಲೇ ಹಿಡಿದು ಕರೆತಂದರು. "ಚಪ್ಪಲಿ ಕಾಲಲ್ಲಿ ರಂಗೋಲಿ ಹಾಕ್ತಾರೇನೋ, ಮಂಕೇ?" ಎಂದು ಅಮ್ಮ ನನ್ನನ್ನೇ ಬೈದಳು. ನನ್ನ ಹೆಸರು ಮರೆತವಳು ಅದನ್ನು ಮರೆತಿರಲಿಲ್ಲ. ಅಂದೇ ಅಯಸ್ಕಾಂತಗಳನ್ನು ಅವಳ ಸೀರೆಗಳ ಫಾಲಿಗೆ ಹೊಲಿದೆ. ಮುಂದಿನ ಶುಕ್ರವಾರವೇ ಬೀದಿಗಿಳಿದು ಆಟೋಗೆ ಸಿಕ್ಕಳು.

"ಕಸದ ಸಾಮಾನು ಕಣೋ, ಕೈಕೊಡ್ತು. ನಿನ್ ತಪ್ಪೇನಿದೆ?" ಎಂದು ನೀನು ಆಸ್ಪತ್ರೆಯಲ್ಲಿ ನನ್ನ ತಲೆ ಸವರಿದೆಯಲ್ಲ, ಅಂದಿನಿಂದ ಊಟ ಸೇರುತ್ತಿಲ್ಲ ಅಕ್ಕ.

ಭಾವನವರಿಗೆ ನಮಸ್ಕಾರ. ಸಂಹಿತಾ ಚೆನ್ನಾಗಿ ಓದಲಿ, ರಾಯರು ಅವಳನ್ನು ಕಾಯಲಿ.

ನಿನ್ನ ತಮ್ಮ,
ಸುಜ್ಜಿ

ತಾ.ಕ.: ಗಂಟೆ ಕೈಕೊಡಲಿಲ್ಲ. ಆ ಶುಕ್ರವಾರ ಹೊಡೆಯಿತು. ರಂಗೋಲಿ ಡಬ್ಬಿಯ ಸದ್ದೂ ಕೇಳಿತು. ಮಲಗಿದ್ದಲ್ಲಿಂದಲೇ ಕೈ ಚಾಚಿ ತಂತಿ ಕಿತ್ತೆ. ಕೆಳಗೆ ಅಮ್ಮಣ್ಣಿ ಇದ್ದಾರಲ್ಲ, ಹತ್ತೇ ನಿಮಿಷ ನಿದ್ದೆ ಮಾಡೋಣ ಅಂದುಕೊಂಡೆ.