ಗುಳಿಗೆ ಬಿಡಿಸಿದವನು

ವಿಜಯಪುರ, ಆಸ್ಪತ್ರೆಯ ವರಾಂಡ
ಶನಿವಾರ, 10 ಮೇ 2025

ಪ್ರೀತಿಯ ಶೈಲಕ್ಕಾ,

ಹೇಗಿದ್ದೀ? ಕೂಸು ಆರಾಮವೇ? ಹಲ್ಲು ಬಂದಿರಬೇಕು. ನನ್ನ ನಂಬರನ್ನು ನೀನು ಬ್ಲಾಕ್ ಮಾಡಿರುವುದರಿಂದ ಕಾಗದ ಬರೆಯುತ್ತಿದ್ದೇನೆ. ಒಂಬತ್ತನೇ ತರಗತಿ ಬಿಟ್ಟ ಮೇಲೆ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು, ನಗಬೇಡ. ಪಕ್ಕದ ಹಾಸಿಗೆಯ ಬಾನುಬಿಯವರನ್ನು ಇವತ್ತು ಮನೆಗೆ ಕಳಿಸುತ್ತಾರೆ. ಅವರ ಮಗ ದಾವಲಮಲಿಕ ನಿಮ್ಮ ಮುದ್ದೇಬಿಹಾಳದವನೇ. ಇದನ್ನು ನಿನ್ನ ಕೈಗೇ ಮುಟ್ಟಿಸುತ್ತೇನೆ ಎಂದಿದ್ದಾನೆ.

ಅವ್ವ ಇಲ್ಲಿದ್ದಾಳೆ. ಎರಡು ವಾರದಿಂದ ತಲೆಶೂಲೆ ಎನ್ನುತ್ತಿದ್ದಳು. ನಮ್ಮೂರು ತಾಂಬಾದ ಈ ಬಿಸಿಲಿಗೆ ಯಾರ ತಲೆ ನೋಯುವುದಿಲ್ಲ? ಲಿಂಬೆ ತೋಟದಲ್ಲಿ ಹಣ್ಣು ಆರಿಸುವ ಹೆಂಗಸರೆಲ್ಲ ಹಣೆಗೆ ಬಟ್ಟೆ ಬಿಗಿದು, ಉಪ್ಪು ಹಾಕಿದ ಲಿಂಬೆ ಶರಬತ್ತು ಕುಡಿದು ಮತ್ತೆ ಕೆಲಸಕ್ಕೆ ಕೂರುತ್ತಾರೆ. ಅವ್ವನೂ ಹಾಗೇ ಮಾಡಿದಳು. ದಿನಕ್ಕೆ ನಾಲ್ಕು ಲೋಟ ನಾನೇ ಮಾಡಿಕೊಟ್ಟೆ. "ಇನ್ನಷ್ಟ ಉಪ್ಪು ಹಾಕೋ ಮಗನ, ಜೀವ ಬರ್ತೈತಿ" ಎಂದಾಗಲೆಲ್ಲ ಹಾಕಿದೆ. ಮಂಗಳವಾರ ಬೆಳಿಗ್ಗೆ ವಾಂತಿ ಮಾಡಿಕೊಂಡಳು. ನಾನು ಎದುರಿಗೇ ನಿಂತಿದ್ದರೂ "ಸೋಮ್ಯಾ, ಎಲ್ಲದೀಯೋ? ಏನೂ ಕಾಣವಲ್ದು" ಎಂದಳು. ಚೇಷ್ಟೆ ಎಂದುಕೊಂಡೆ. ಆಮೇಲೆ ಫಿಟ್ಸ್ ಬಂತು.

ಬಿಪಿ ಇನ್ನೂರ ನಲವತ್ತಕ್ಕೆ ಹೋಗಿತ್ತು. ಆ ಒತ್ತಡಕ್ಕೆ ಮೆದುಳು ಬಾತಿದೆ, ಒಳಗೆ ನರ ಒಡೆದು ರಕ್ತ ಸೋರಿದೆ ಎಂದರು ಡಾಕ್ಟರು. ಅಂದಿನಿಂದ ಮಾತಿಲ್ಲ, ಕಣ್ಣು ತೆರೆದಿಲ್ಲ. "ಬಿಪಿ ಗುಳಗಿ ಯಾಕ ಬಿಟ್ರು?" ಎಂದು ಅವರು ಕೇಳಿದರೆ, ಹಾಸಿಗೆಯಲ್ಲಿದ್ದ ತನ್ನ ಅಕ್ಕನ ಕಾಲು ಹಿಡಿದು ಅಳುತ್ತಿದ್ದ ಗುರುಲಿಂಗಪ್ಪ ಮಾವ "ಮಗಳು ಓಡಿ ಹೋಗಿ ಮದುವಿ ಆದಳ್ರಿ ಸಾಹೇಬ್ರ, ಅದ ಚಿಂತಿಗೆ ಹಿಂಗಾತು" ಎಂದ. ಊರೂ ಅದನ್ನೇ ಹೇಳುತ್ತಿದೆ. ಅದು ಸುಳ್ಳು ಅಕ್ಕಾ. ನೀನು ಹೋಗಿ ಎಷ್ಟೋ ತಿಂಗಳಾದ ಮೇಲೂ, ಈ ಫೆಬ್ರುವರಿಯ ಆರೋಗ್ಯ ಕ್ಯಾಂಪಿನಲ್ಲಿ ಅವ್ವನ ಬಿಪಿ ಸರಿಯಾಗಿತ್ತು. ಚೀಟಿ ಓದಿದವನು ನಾನು. "ನೂರಾ ಇಪ್ಪತ್ತೈತಿ ಬೇ, ಬರೋಬ್ಬರಿ ಆಗೈತಿ. ಇನ್ನ ಗುಳಗಿ ಯಾಕ ನುಂಗ್ತಿ?" ಎಂದವನೂ ನಾನೇ. "ನೀ ಓದಾಕ ಬಂದಾಂವ, ನೀ ಹೇಳಿದ್ದ ಖರೆ" ಎಂದು ಅವತ್ತೇ ಬಿಟ್ಟಳು. ಗುಳಿಗೆ ನುಂಗಿದ್ದರಿಂದಲೇ ಸರಿಯಾಗಿತ್ತು ಎಂಬುದು ನನಗೆ ಹೊಳೆಯಲಿಲ್ಲ. ಮಾವನೆದುರೇ ಡಾಕ್ಟರಿಗೆ ಇದನ್ನೆಲ್ಲ ಹೇಳಿದೆ. ಮಾವ ಕಪಾಳಕ್ಕೆ ಹೊಡೆದ. ಹೊಡೆಸಿಕೊಂಡ ಮೇಲಾದರೂ ಹಗುರಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ.

ನಿನ್ನ ಯಜಮಾನರಿಗೆ ನಮಸ್ಕಾರ ಹೇಳು. ನಾನಿನ್ನೂ ನೋಡದ ಆ ಕೂಸಿಗೆ ಒಂದು ಮುತ್ತು.

ನಿನ್ನ ತಮ್ಮ,
ಸೋಮನಿಂಗ

ತಾ.ಕ.: ದಾವಲಮಲಿಕ ಚಪ್ಪಲಿ ಹಾಕಿಕೊಳ್ಳುತ್ತಿದ್ದಾನೆ, ಬೇಗ ಬರೆಯುತ್ತೇನೆ. ಈಗಷ್ಟೇ ಡಾಕ್ಟರು ಹೊರಗೆ ಕರೆದು "ಇನ್ನ ಮನಿಗೆ ಕರಕೊಂಡ ಹೋಗ್ರಿ" ಎಂದರು. ನಾಳೆ ಮುಂಜಾನೆ ತಾಂಬಾಕ್ಕೆ ಒಯ್ಯುತ್ತೇವೆ. ನೀನು ಬಂದರೂ ಅವ್ವ ನಿನ್ನನ್ನು ನೋಡುವುದಿಲ್ಲ, ಮಾತಾಡುವುದಿಲ್ಲ. ಸುಳ್ಳು ಹೇಳಿ ನಾನು ಕರೆಯುವುದಿಲ್ಲ. ಬಾಗಿಲಲ್ಲಿ ಮಾವ ಅಡ್ಡ ನಿಲ್ಲುತ್ತಾನೆ. ನಾನೂ ಅಲ್ಲೇ ನಿಂತಿರುತ್ತೇನೆ. ಬಾ.