ಮೊಳೆಯಿಲ್ಲದ ಮೇಜು

ಮನೆಯಿಂದ,
ಗುರುವಾರ ಮಧ್ಯಾಹ್ನ

ಪ್ರೀತಿಯ ಯಜಮಾನರಿಗೆ,

ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ಮರದ ಹುಡಿಗೆ ಕೆಮ್ಮು ಬರುತ್ತಿತ್ತಲ್ಲ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದೀರಾ? ನಾನು ಹೊಲಿದು ಕೊಟ್ಟದ್ದು ಪೆಟ್ಟಿಗೆಯ ತಳದಲ್ಲೇ ಬಿದ್ದಿರುತ್ತದೆ, ನನಗೆ ಗೊತ್ತು. ಇಲ್ಲಿ ಅತ್ತೆಯವರ ಮಂಡಿನೋವು ಹಾಗೇ ಇದೆ. ಮಗಳಿಗೆ ನೆಗಡಿ ಬಿಟ್ಟಿದೆ. ನನಗೇನೂ ಆಗಿಲ್ಲ. ಹೊಟ್ಟೆಕಿಚ್ಚನ್ನೂ ಕಾಯಿಲೆಗೆ ಸೇರಿಸುವುದಾದರೆ ಮಾತ್ರ ಬೇರೆ ಮಾತು.

ನಿಮ್ಮ ಕಾಗದ ಬಂತು. ಶಾಲೆಯ ಲೈಬ್ರರಿಗೆ ಮೇಜು, ಕಪಾಟು ಮಾಡಲು ಹೋದವರು, ಕೆಲಸ ಎಲ್ಲಿಗೆ ಬಂತು, ಯಾವಾಗ ಬರುತ್ತೀರಿ ಎಂದು ಬರೆದಿರುತ್ತೀರಿ ಅಂತ ಅತ್ತೆಯವರಿಗೆ ಗಟ್ಟಿಯಾಗಿ ಓದಲು ಕೂತೆ. ಓದಿದರೆ ಬರೀ ಲೈಬ್ರರಿ ಮೇಡಂ. ಮೇಡಂ ಹಾಗಂದರು, ಮೇಡಂ ಹೀಗಂದರು. ನೀವು ಮರ ಕೀಸುತ್ತಿದ್ದಾಗ ಅವರು ಪಕ್ಕದಲ್ಲಿ ನಿಂತು, ಬೋರ್ಡ್ ಎಂಬ ಇಂಗ್ಲಿಷ್ ಪದಕ್ಕೆ ಮೊದಲಿದ್ದ ಅರ್ಥ ಬರೀ ಹಲಗೆ ಎಂದರಂತೆ. ಹಿಂದಿನವರು ಹಲಗೆಯನ್ನು ಕಾಲುಗಳ ಮೇಲಿಟ್ಟು ಉಣ್ಣುತ್ತಿದ್ದರಿಂದ ಊಟದ ಮೇಜೂ ಬೋರ್ಡ್ ಆಯಿತಂತೆ. ಆಮೇಲೆ ಮೇಜಿನ ಮೇಲಿನ ಊಟಕ್ಕೂ ಅದೇ ಹೆಸರು ಬಂದು, ಅಲ್ಲಿಂದ ಬೋರ್ಡಿಂಗ್ ಶಾಲೆಯಂತೆ. ಕಪ್ಪುಗಳನ್ನು ಜೋಡಿಸಿಡುವ ಹಲಗೆ ಕಪ್‌ಬೋರ್ಡ್ ಆಯಿತಂತೆ, ಅದಕ್ಕೆ ಬಾಗಿಲು ಬಂದದ್ದು ಎಷ್ಟೋ ಕಾಲದ ಮೇಲಂತೆ. "ಎಷ್ಟು ಚೆನ್ನಾಗಿ ಹೇಳ್ತಾರೆ ಗೊತ್ತಾ, ಕೇಳ್ತಾ ಇದ್ರೆ ಊಟಾನೂ ಬೇಡ" ಎಂದು ಬರೆದಿದ್ದೀರಿ. ಅತ್ತೆಯವರು "ಸಾಕು, ಅಲ್ಲಿಗೆ ನಿಲ್ಸಮ್ಮ" ಎಂದು ಮಗ್ಗುಲು ತಿರುಗಿ ಮಲಗಿದರು. ಅವರಿಗೂ ಅರ್ಥವಾಗಿದೆ.

ಅಲ್ಲಾ ರೀ, ಊಟಾನೂ ಬೇಡವೇ? ನನ್ನೆದುರು ಊಟಕ್ಕೆ ಕೂತರೆ ನಿಮ್ಮ ಬಾಯಿಂದ ಬರುವುದು "ಹೂಂ", ಇಲ್ಲವೇ "ಇನ್ನೊಂಚೂರು ಹಾಕು". ಇಷ್ಟು ವರ್ಷ ಮರದ ಜೊತೆಗೇ ಬಾಳಿದವರು ಹಲಗೆಯ ಬಗ್ಗೆ ನನಗೆ ಒಂದು ಮಾತಾದರೂ ಹೇಳಿದ್ದುಂಟೇ? ಎಲ್ಲ ಬರೆದು, ಆ ಮೇಡಂಗೆ ಎಷ್ಟು ವಯಸ್ಸು ಎಂಬುದನ್ನು ಮಾತ್ರ ಬಿಟ್ಟಿದ್ದೀರಿ ನೋಡಿ, ನನ್ನ ನಿದ್ದೆ ಕೆಡಿಸಿದ್ದೇ ಅದು. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಬರೆಯುವವಳಲ್ಲ ನಾನು. ನನಗೆ ಉರಿಯುತ್ತಿದೆ.

ಹಾಗಂತ ಸುಮ್ಮನೆ ಕೂರಲಿಲ್ಲ. ನಿನ್ನೆ ಹೊಲಿಗೆ ಬಿಟ್ಟು ಬೀದಿ ಕೊನೆಯ ಲೈಬ್ರರಿಗೆ ಹೋಗಿ, ದಿಂಬಿನಷ್ಟು ದಪ್ಪದ ಡಿಕ್ಷನರಿ ಇಳಿಸಿಕೊಡಿ ಎಂದೆ. ಅಲ್ಲಿದ್ದವರು ನನ್ನ ಕುತ್ತಿಗೆಯನ್ನೇ ನೋಡುತ್ತಿದ್ದರು. ಅಳತೆ ಟೇಪು ತೆಗೆದಿಡುವುದು ಮರೆತೇಹೋಗಿತ್ತು. ನಿಮ್ಮ ಮೇಡಂ ಹೇಳಿದ್ದೆಲ್ಲ ನಿಜವೇ ಆಗಿತ್ತು, ಅದೂ ಒಂದು ಉರಿ. ಇನ್ನೂ ಬೇಕಾದಷ್ಟಿತ್ತು. ಮೇಜಿನ ಸುತ್ತ ಕೂತು ತೀರ್ಮಾನ ಮಾಡುವ ದೊಡ್ಡವರ ಗುಂಪಿಗೂ ಬೋರ್ಡ್ ಎಂದೇ ಹೆಸರಾಯಿತಂತೆ. ಹಡಗಿನ ಪಕ್ಕೆಯನ್ನೂ ಹಾಗೇ ಕರೆಯುತ್ತಿದ್ದರಂತೆ. ಇಸ್ಪೀಟಾಡುವವರು ಕೈ ಎರಡನ್ನೂ ಮೇಜಿನ ಮೇಲೆ ಕಾಣುವಂತೆ ಇಟ್ಟರೆ ಆಟದಲ್ಲಿ ಮೋಸವಿಲ್ಲ ಎಂದರ್ಥವಂತೆ. ಮುಚ್ಚುಮರೆಯಿಲ್ಲದ ನಡತೆಗೆ ಇಂಗ್ಲಿಷಿನಲ್ಲಿ ಇವತ್ತಿಗೂ ಅಬವ್ ಬೋರ್ಡ್, ಅಂದರೆ ಮೇಜಿನ ಮೇಲೆ, ಎಂಬ ಮಾತಿದೆ. ಅದನ್ನು ಮಾತ್ರ ಮತ್ತೆ ಮತ್ತೆ ಓದಿದೆ. ನಿಮ್ಮ ಕೈಗಳು ಎಲ್ಲಿವೆ ಸ್ವಾಮಿ? ಉಳಿ ಹಿಡಿದಿವೆ ಎಂದು ನಂಬಿದ್ದೇನೆ.

ಓದಿದ್ದನ್ನೆಲ್ಲ ಮಗಳಿಗೆ ಹೇಳಿದೆ, ಅತ್ತೆಯವರಿಗೂ ಹೇಳಿದೆ. ಸಮಾಧಾನವಾಗಲಿಲ್ಲ. ಮೇಡಂ ಓದಿದವರು ಅಂತ ನನಗೆ ಹೊಟ್ಟೆಕಿಚ್ಚಿಲ್ಲ ರೀ. ಅವರು ಮಾತಾಡುವಾಗ ಕೀಸುವುದನ್ನು ನಿಲ್ಲಿಸಿ ಕೇಳಿದೆ ಎಂದು ನೀವೇ ಬರೆದಿದ್ದೀರಲ್ಲ, ಅದಕ್ಕೆ. ನಾನು ಮಾತು ತೆಗೆದರೆ ಕೀಸುವ ಸದ್ದು ಇನ್ನೂ ಜೋರಾಗುತ್ತಿತ್ತು.

ಇನ್ನು ನಮ್ಮ ಮೇಜಿನ ಸುದ್ದಿ. ಮದುವೆಯಾದ ಹೊಸತರಲ್ಲಿ ಮಾಡಿಕೊಟ್ಟು, "ಇದ್ರಲ್ಲಿ ಒಂದೇ ಒಂದು ಮೊಳೆ ತೋರ್ಸು, ನನ್ನ ಹೆಸರು ಬದಲಾಯಿಸ್ಕೋತೀನಿ" ಎಂದು ಮೀಸೆ ತಿರುವಿದ್ದಿರಿ. ಅದರ ಬಾಗಿಲ ಕಡೆಯ ಕಾಲು ಸಡಿಲವಾಗಿದೆ ಎಂದು ನೀವು ಹೊರಡುವ ಮೊದಲೇ ಹೇಳಿದ್ದೆ. "ಬಂದು ನೋಡ್ತೀನಿ" ಎಂದಿರಿ. ಈಗ ಆ ಕಾಲಿನ ಕೆಳಗೆ ಇಟ್ಟಿಗೆ ಚೂರು ಕೊಟ್ಟಿದ್ದೇನೆ. ಬಟ್ಟೆ ಹಾಸಿ ಕತ್ತರಿಸಲು ಹೋದರೆ ಮೇಜು ಒಂದು ಕಡೆ, ಕತ್ತರಿ ಒಂದು ಕಡೆ. ಮೊನ್ನೆ ಪಾಪ, ಯಾರದೋ ಅಂಗಿಯ ತೋಳು ಗಿಡ್ಡವಾಯಿತು. ಕಂಡವರಿಗೆಲ್ಲ ಮೇಜು ಮಾಡಿಕೊಡುವವರ ಮನೆಯಲ್ಲಿ ಈ ಅವಸ್ಥೆ.

ಅತ್ತೆಯವರು ಆಶೀರ್ವಾದ ತಿಳಿಸಿದ್ದಾರೆ, ಮಗಳು ಮುತ್ತು ಕಳಿಸಿದ್ದಾಳೆ. ಮೇಡಂಗೆ ನನ್ನ ನಮಸ್ಕಾರ ಹೇಳಿ. ಹೇಳಿದಾಗ ಅವರ ಮುಖ ಹೇಗಾಯಿತು ಎಂಬುದನ್ನೂ ಬರೆಯಿರಿ.

ಇಂತಿ,
ನಿಮ್ಮ ಮನೆಯವಳು

ತಾ.ಕ.: ಅಂಟಿಸಿದ್ದ ಕಾಗದ ಮತ್ತೆ ಬಿಚ್ಚಿದೆ. ಎದುರುಬೀದಿಯ ಬಡಗಿ ಬಂದಿದ್ದರು. ಎಲ್ಲದಕ್ಕೂ ಮೊಳೆ ಹೊಡೆಯುತ್ತಾರೆ ಅಂತ ನೀವು ಮೊಳೆಯಪ್ಪ ಎಂದು ಹೆಸರಿಟ್ಟಿದ್ದೀರಲ್ಲ, ಅವರೇ. ಮೇಜು ಅಲ್ಲಾಡಿಸಿ ನೋಡಿ, "ಇದ್ಯಾವ ಮಹಾ ಕೆಲಸ ಬಿಡಿ ಮೇಡಂ, ನಾಲ್ಕು ಮೊಳೆ ಹೊಡೆದ್ರೆ ಆಯ್ತು" ಎಂದರು. ಹೌದು, ನನ್ನನ್ನೂ ಮೇಡಂ ಎನ್ನುವವರಿದ್ದಾರೆ. ಮುಂದಿನ ಭಾನುವಾರ ಬೆಳಿಗ್ಗೆ ಬರುತ್ತಾರೆ, ಮೊಳೆಯ ಡಬ್ಬಿ ಇಲ್ಲೇ ಬಿಟ್ಟು ಹೋಗಿದ್ದಾರೆ. ನಿಮಗೆ ಶನಿವಾರ ಬಸ್ಸಿದೆ. ಮನುಷ್ಯ ಒಳ್ಳೆಯವರು ರೀ. ನಾನು ಬೋರ್ಡಿನ ಕಥೆ ಶುರುಮಾಡಿದ್ದೇ ತಡ, ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟು ಕೊನೆಯವರೆಗೂ ಕೇಳಿದರು.