ಹೆರೋದನ ಕಿರೀಟ ಸುಟ್ಟ ಅಪ್ಪನಿಗೆ

ಅಪ್ಪಾ,

ನೀನು ದೀಕ್ಷಾಸ್ನಾನಕ್ಕೆಂದು ಕಾಲುವೆಯ ನೀರಿನಲ್ಲಿ ಮುಳುಗೆದ್ದು, ಹನುಮಂತಪ್ಪ ಹೋಗಿ ದಾನಿಯೇಲಪ್ಪನಾದ ದಿನ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಸಿದ್ದಾಪುರದ ಸುತ್ತಲಿನ ಹಳ್ಳಿಗಳಲ್ಲಿ ದೊಡ್ಡಾಟದ ರಾಜನ ಪಾತ್ರವೆಂದರೆ ನೀನೇ ಆಗಬೇಕಿತ್ತು. ಹಗಲೆಲ್ಲ ಅಕ್ಕಿ ಗಿರಣಿಯಲ್ಲಿ ಚೀಲ ಹೊರುತ್ತಿದ್ದವನು ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ಬಂದು ನಿಂತರೆ ಗಿರಣಿಯ ಸಾವಕಾರನೂ ಬಾಯಿ ಮುಚ್ಚಿ ಕೂರುತ್ತಿದ್ದ. ಅವತ್ತು ಒದ್ದೆ ಬಟ್ಟೆಯಲ್ಲಿ ನಡುಗುತ್ತ ನಿಂತು ನೀನು ಆಗಿನ ಪಾಸ್ಟರನ್ನು, ಆ ಮುದುಕ ಅಯ್ಯನವರನ್ನು, ಕೇಳಿದ್ದೆ.

“ಅಯ್ಯನೋರ, ನನಗ ಓದಾಕ ಬರಂಗಿಲ್ಲ. ಕೊಡಾಕ ಕೈಯಾಗ ಏನೂ ಇಲ್ಲ. ಕುಣಿಯಾಕ, ಹಾಡಾಕ ಬರತೈತಿ. ಅದನ್ನ ದೇವರು ತಗೊಂತಾನೇನ್ರಿ?”

“ಕೊಟ್ಟಾಂವ ಅವನ ಅಲ್ಲೇನಪಾ? ತಗೊಳ್ಳಾಕ ಯಾಕ ಒಲ್ಲೆ ಅಂತಾನ?”

ಆ ಒಂದು ಮಾತನ್ನು ನಂಬಿ ನೀನು ಎಲ್ಲವನ್ನೂ ಕೊಟ್ಟುಬಿಟ್ಟೆಯಲ್ಲ ಅಪ್ಪಾ!

ಆ ಚಳಿಗಾಲದಲ್ಲಿ ಗಿರಣಿಯಿಂದ ಬಂದವನೇ ಕೈಕಾಲು ತೊಳೆದು, ನನ್ನನ್ನು ಎದುರಿಗೆ ಕೂರಿಸಿಕೊಂಡು ಸುವಾರ್ತೆ ಓದಿಸುತ್ತಿದ್ದೆ. ಯೇಸು ಹುಟ್ಟಿದ ಸುದ್ದಿ ಕೇಳಿ ಹೆರೋದ ರಾಜ ಬೇತ್ಲೆಹೇಮಿನ ಕೂಸುಗಳನ್ನೆಲ್ಲ ಕೊಲ್ಲಿಸಿದ ಭಾಗಕ್ಕೆ ಬಂದಾಗ, “ನಿಲ್ಲಸವ್ವಾ. ಇನ್ನೊಮ್ಮೆ ಓದು” ಎಂದೆ. ಅಲ್ಲಿಂದ ಶುರುವಾಯಿತು ಹೆರೋದನ ದೊಡ್ಡಾಟ. ಹಾಡುವ ಪದ ಕಟ್ಟಿದ್ದು ನೀನು, ಮದ್ದಳೆ ಬಾರಿಸಿದ್ದು ನಿನ್ನ ಹಳೆಯ ಗೆಳೆಯ ಬಸಣ್ಣ ಕಾಕಾ. ಅವನು ಹನುಮಪ್ಪನ ಭಕ್ತ. “ನೀ ದೇವರ ಬದಲಿ ಮಾಡಿದಿ, ನಾನೇನು ಗೆಳ್ಯಾನ್ನ ಬದಲಿ ಮಾಡ್ಲೇನು?” ಎಂದು ನಗುತ್ತ ಬಂದು ಕೂತಿದ್ದ. ಹೆರೋದ ನೀನು. ಕೂಸು ಕಳೆದುಕೊಳ್ಳುವ ತಾಯಿ ನಾನು. “ದೊರೆಯೇ, ನನ್ನ ಕೂಸಿಗೆ ಇನ್ನೂ ಹೆಸರಿಟ್ಟಿಲ್ಲ, ಯಾವ ಹೆಸರು ಹಿಡಿದು ಅಳಲಿ?” ಎಂಬುದು ನನ್ನ ಮಾತು. ಹೇಳುವಾಗಲೆಲ್ಲ ನನಗೆ ಅಳು ಬರುತ್ತಿತ್ತು. ನೀನು ಗದರುತ್ತಿದ್ದೆ. “ಅಳಬ್ಯಾಡ. ನೀ ಅತ್ತರ ಮಂದಿ ಅಳಂಗಿಲ್ಲ. ರಾಜನ್ನ ಕೇಳು. ಉತ್ತರಾ ಕೊಡು ಅಂತ ಕೇಳು.”

ಕ್ರಿಸ್ಮಸ್ಸಿನ ಸಂಜೆ ನಮ್ಮ ಚರ್ಚಿನ ಸಭೆಯ ಅಂಗಳದಲ್ಲಿ ಆಟ ಆಡಿದಾಗ ಊರಿಗೆ ಊರೇ ಬಂದಿತ್ತು. ಅದುವರೆಗೆ ನಮ್ಮ ಗೇಟು ದಾಟದವರೂ ಗೋಣಿಚೀಲ ಹಾಸಿಕೊಂಡು ಕೂತಿದ್ದರು. ನಾನು ಪ್ರಶ್ನೆ ಕೇಳಿದಾಗ ಹೆಂಗಸರು ಸೆರಗಿಗೆ ಮುಖ ಒತ್ತಿಕೊಂಡದ್ದನ್ನು ಇವತ್ತಿಗೂ ಮರೆತಿಲ್ಲ. ವರ್ಷವರ್ಷವೂ ಆಡಿದೆವು. ಆ ಮುದುಕ ಅಯ್ಯನವರು ಇರುವತನಕ...

ಹೊಸ ಪಾಸ್ಟರು ಬಂದ ಮೇಲೆ ನಡೆದ ಮೊದಲ ಕಮಿಟಿ ಮೀಟಿಂಗಿಗೆ ನೀನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿದ್ದೆ. ಈ ಸಲ ಕೂಸು ಯೇಸುವನ್ನು ಹುಡುಕಿ ಬಂದ ಜ್ಞಾನಿಗಳ ಒಂಟೆಯನ್ನೂ ಆಟಕ್ಕೆ ಸೇರಿಸಬೇಕು ಅಂತ ನಿನ್ನ ಆಸೆ. ಸಭೆಯ ಟೇಬಲ್ಲಿಗೆಂದು ಹೊಲಿದ ಕಸೂತಿ ಬಟ್ಟೆ ಕೊಡಲು ಹೋದ ನಾನು ಅಲ್ಲೇ ಇದ್ದೆ. ಎಲ್ಲವನ್ನೂ ಕೇಳಿಸಿಕೊಂಡೆ.

“ದಾನಿಯೇಲಪ್ಪನೋರ, ಈ ಬಣ್ಣ, ಈ ಗೆಜ್ಜಿ, ಎಲ್ಲಾ ನಿಮ್ಮ ಹಳೇ ಜೀವನದ್ದು. ಸೈತಾನನ ವೇಷ ಸಭಾಕ್ಕ ತರಬ್ಯಾಡ್ರಿ. ಕೀಬೋರ್ಡ್ ಬಂದೈತಿ, ಹುಡುಗ್ರು ಹಾಡ್ತಾರ.”

“ಹಂಗಾರ ನಾ ಏನ್ ಮಾಡ್ಲಿರಿ?”

“ಬಾಗಲದಾಗ ನಿಂತು ಬಂದಾವ್ರಿಗೆ ಕುರ್ಚಿ ತೋರಸ್ರಿ. ಅದೂ ಸೇವಾನ ಐತಿ.”

ನೀನು ಒಂದು ಮಾತೂ ಎದುರಾಡಲಿಲ್ಲ. ಯಾಕೆ ಅಪ್ಪಾ? ಊರಿನ ಮುಂದೆ ಆರ್ಭಟಿಸುತ್ತಿದ್ದ ಆ ದನಿ ಅವತ್ತು ಎಲ್ಲಿ ಹೋಗಿತ್ತು? ಮುಂದಿನ ಭಾನುವಾರದಿಂದಲೇ ಬಾಗಿಲಲ್ಲಿ ನಿಂತೆ. ಕೈಮುಗಿದು, ಬೆನ್ನು ಬಗ್ಗಿಸಿ, ನಿನ್ನ ಅರ್ಧ ವಯಸ್ಸಿನವರಿಗೆ “ಬರ್ರಿ, ಕುಂದರ್ರಿ” ಎನ್ನುತ್ತಿದ್ದೆ. ಅದನ್ನು ನೋಡಲಾಗದೆ ನಾನು ಹಿಂದಿನ ಬಾಗಿಲಿಂದ ಒಳಗೆ ಹೋಗುತ್ತಿದ್ದೆ.

ಆಮೇಲೆ ಹಿತ್ತಲಿನಲ್ಲಿ ಹೊಗೆ ಎದ್ದ ಆ ಮಧ್ಯಾಹ್ನ. ವೇಷ ಮನೆಯಲ್ಲಿದ್ದರೆ ಶಾಪ ಅಂತ ಪಾಸ್ಟರು ಪ್ರಸಂಗದಲ್ಲಿ ಹೇಳಿದ್ದರಂತೆ. ನೀನು ಕಿನ್ನಾಳದ ಮರಗೆಲಸದವರ ಹತ್ತಿರ ಹೇಳಿ ಮಾಡಿಸಿದ ಕಿರೀಟ, ಭುಜಕೀರ್ತಿ, ಎದೆಗವಚ ಎಲ್ಲವನ್ನೂ ಸೀಮೆಎಣ್ಣೆ ಸುರಿದು ಸುಟ್ಟೆ. ಬಸಣ್ಣ ಕಾಕಾ ಹೊಗೆ ಕಂಡು ಓಡಿ ಬಂದ.

“ಏ ಹುಚ್ಚಾ! ನನಗರ ಕೊಡಬಾರ್ದಿತ್ತೇನಲೇ?”

“ನನಗ ಬ್ಯಾಡಾದ್ದನ್ನ ನಿನಗ ಹೆಂಗ ಕೊಡ್ಲಿ ಬಸ್ಯಾ” ಎಂದೆ ನೀನು. ನಿನಗೆ ಅದು ಬೇಡವಾಗಿತ್ತೇ? ಬೂದಿ ಆರುವತನಕ ಅಲ್ಲಿಂದ ಏಳಲಿಲ್ಲವಲ್ಲ. ಆಮೇಲೆ ನೀನು ಹಾಡಿದ್ದನ್ನು ಯಾರೂ ಕೇಳಲಿಲ್ಲ. ನೀರು ಸೇದುವಾಗ, ಮೊಮ್ಮಗಳನ್ನು ಮಲಗಿಸುವಾಗ ಕೂಡ... ಹಾಡು ಅಂತ ಅವ್ವ ಎಷ್ಟು ಸಲ ಕೇಳಿದಳು. “ಗಂಟ್ಲ ಹೋಗೈತಿ” ಎನ್ನುತ್ತಿದ್ದೆ. ಕೊಪ್ಪಳದ ದವಾಖಾನೆಯ ಹಾಸಿಗೆ ಹಿಡಿಯುವುದಕ್ಕೆ ಎಷ್ಟೋ ಮುಂಚೆಯೇ ನೀನು ಹೋಗಿಬಿಟ್ಟಿದ್ದೆ ಅಪ್ಪಾ. ಮಣ್ಣು ಮಾಡಿದ್ದು ಆಮೇಲೆ, ಅಷ್ಟೇ.

ನಿನ್ನನ್ನು ಮಣ್ಣು ಮಾಡುವ ದಿನ ಬಸಣ್ಣ ಕಾಕಾ ಮದ್ದಳೆ ಹೆಗಲಿಗೆ ಹಾಕಿಕೊಂಡು ಬಂದಿದ್ದ. ಸಮಾಧಿ ತೋಟದ ಗೇಟಿನಲ್ಲಿ ಆಂಧ್ರದವರ ಕ್ಯಾಂಪಿನಿಂದ ಬರುವ ಸಭೆಯ ಹಿರಿಯರೊಬ್ಬರು ತೆಲುಗಿನಲ್ಲಿ ಬೇಡ ಬೇಡವೆನ್ನುತ್ತ ಕೈ ಅಡ್ಡ ಹಿಡಿದರು. “ವದ್ದು, ವದ್ದು. ಇದೆಲ್ಲಾ ಇಲ್ಲಿ ಬ್ಯಾಡ್ರಿ.” ಕಾಕಾ ಜಗಳ ಮಾಡಲಿಲ್ಲ. ಗೇಟಿನ ಹೊರಗೆ ಬಿಸಿಲಲ್ಲಿ ನಿಂತ. ಒಳಗೆ ಸ್ಪೀಕರಿನಲ್ಲಿ ಯಾವುದೋ ಊರಿನ ಯಾರದೋ ದನಿ ನಿನಗಾಗಿ ಹಾಡಿತು. ನಿನ್ನ ಒಂದು ಪದವಾದರೂ ಬೇಡವಾಯಿತೇ ಅವರಿಗೆ? ನಾನು ಹಾಡಬೇಕೆಂದು ಬಾಯಿ ತೆರೆದೆ, ಯಾರೋ ನನ್ನನ್ನು ತಬ್ಬಿಕೊಂಡು “ಅಳಬ್ಯಾಡವ್ವಾ” ಎಂದರು.

ಈ ವರ್ಷ ಭತ್ತದ ಕೊಯ್ಲು ಮುಗಿದ ಮೇಲೆ ನಡೆದದ್ದು ನಿನಗೆ ಗೊತ್ತಿಲ್ಲ. ಕಾಕಾ ಮನೆಗೆ ಬಂದು, ಚಹಾದ ಕಪ್ಪು ಕೆಳಗಿಟ್ಟು, “ಮಾರ್ತಾ, ಹೆರೋದನ ಆಟಾ ಆಡೂಣು. ಪದಾ ಎಲ್ಲಾ ನಿನಗ ಬಾಯಿಪಾಠ ಅದಾವಲ್ಲ?” ಎಂದ. ಹನುಮಪ್ಪನ ಗುಡಿಯ ಮಂದಿಯೇ ಮುಂದೆ ನಿಂತು ಊರ ಬಯಲಿನಲ್ಲಿ ಆಟದ ಅಟ್ಟ ಕಟ್ಟಿದರು. ರಾಜನ ಪಾತ್ರಕ್ಕೆ ಬಂದ ಗಂಡಸರ್ಯಾರೂ ಕಾಕಾನ ಮನಸ್ಸಿಗೆ ಬರಲಿಲ್ಲ. ಕಡೆಗೆ ನನಗೇ ಮೀಸೆ ಬರೆದ. ಹೌದಪ್ಪಾ, ಹೆರೋದ ನಾನೇ. ನಾನು ಕಾಲು ಅಪ್ಪಳಿಸಿದಾಗ ಅಟ್ಟ ನಡುಗಿತು. ಸಭೆಯವರು ಯಾರೂ ಬರಲಿಲ್ಲ. ಅವ್ವ ಒಬ್ಬಳು ಬಂದಿದ್ದಳು, ಮುಂದಿನ ಸಾಲಿನಲ್ಲಿ ಕೂತು ಪ್ರತಿ ಪದಕ್ಕೂ ತುಟಿ ಆಡಿಸುತ್ತಿದ್ದಳು.

ಅದಾದ ಮೇಲೆ ಒಂದು ಬೆಳಿಗ್ಗೆ ಪಾಸ್ಟರು ಬಂದರು. “ಮಾರ್ತಮ್ಮಾರ, ಭಾಳ ಮಂದಿ ಕೂಡಿತ್ತಂತ! ಬರೋ ಕ್ರಿಸ್ಮಸ್ಸಿಗೆ ನಮ್ಮಲ್ಲಿ ಆಡ್ರಿ. ನಿಮ್ಮ ತಂದೆಯವರ ಫೋಟೋ ಹಾಕಿ ಬ್ಯಾನರ್ ಮಾಡಸೂಣು.”

“ಸೈತಾನನ ವೇಷ ಅಂದಿದ್ರೆಲ್ರಿ?”

“ಆಗಿನ ಮಾತು ಬ್ಯಾರೆ ಬಿಡ್ರಿ.”

ಬಿಡಬೇಕಂತೆ! ನೀನು ಬಾಗಿಲಲ್ಲಿ ಸವೆಸಿದ ವರ್ಷಗಳನ್ನೆಲ್ಲ ಅಷ್ಟು ಹಗುರಾಗಿ...

“ಒಲ್ಲೆನ್ರಿ” ಎಂದೆ. ಒಳಗಿನಿಂದ ಅವ್ವ, “ಮನಿಗೆ ಬಂದಾವ್ರಿಗೆ ಹಂಗ ಅನಬಾರ್ದವ್ವಾ” ಎಂದಳು. ನಾನು ಇನ್ನೊಮ್ಮೆ “ಒಲ್ಲೆ” ಎಂದೆ.

ನೀನಾಗಿದ್ದರೆ ಅವರ ಮಾತು ಮುಗಿಯುವ ಮೊದಲೇ ಕಾಕಾನನ್ನು ಕರೆಯಲು ಓಡುತ್ತಿದ್ದೆ, ನನಗೆ ಗೊತ್ತು. ನಾನು ನೀನಲ್ಲ. ಭಾನುವಾರ ಸಭೆಗೆ ಹೋಗುತ್ತೇನೆ, ಅದು ನನಗೂ ದೇವರಿಗೂ ಸೇರಿದ್ದು. ಆಟ ಮಾತ್ರ ಊರ ಬಯಲಿನಲ್ಲೇ ಆಗುತ್ತದೆ, ವರ್ಷವರ್ಷವೂ ಆಗುತ್ತದೆ, ನನ್ನ ಕಾಲಿನಲ್ಲಿ ಬಲ ಇರುವತನಕ. ಪಾಸ್ಟರು ಬಂದು ಎಲ್ಲರ ನಡುವೆ ನೆಲದ ಮೇಲೆ ಕೂತು ನೋಡಲಿ, ಬೇಡ ಎನ್ನುವುದಿಲ್ಲ. “ಕ್ಷಮಿಸಿಬಿಡವ್ವಾ” ಎನ್ನುತ್ತೀಯಲ್ಲವೇ? ಆಗಲಿ ಅಪ್ಪಾ, ಎಂದಾದರೂ ಕ್ಷಮಿಸೇನು. ಈ ವರ್ಷವಂತೂ ಅಲ್ಲ.

ನಿನ್ನ ಮಗಳು,
ಮಾರ್ತಾ